ಪ್ರತಿ ಸಲ ಕ್ಯಾಟ್ ನುವಾರೇ ಅಡ್ಡ ಬರಬೇಕಾ? ಲೇಡಿಬಗ್ ಅವನನ್ನು ಕಾಯುವುದು ಯಾವಾಗ?

ಬೆಳ್ಳಿಚುಕ್ಕಿ

ಮಿರಾಕ್ಯುಲಸ್ ಕಾರ್ಟೂನ್ ಸರಣಿ ನೋಡುವವರು ಇಲ್ಲಿ ಇದ್ದೀರಾ? ರಜೆಯಲ್ಲಿ ತಂಗಿ ಜೊತೆ ಕೂತು ಮೊದಲ ಸೀಸನ್‌ನಿಂದ ಮತ್ತೆ ನೋಡುತ್ತಿದ್ದೇನೆ. ಐದನೇ ಸೀಸನ್ ಕೊನೆಯವರೆಗಿನ ಕಥೆ ಕೆಳಗೆ ಬರುತ್ತೆ. ಪೂರ್ತಿ ನೋಡದವರು ಇಲ್ಲೇ ನಿಲ್ಲಿ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಪ್ಯಾರಿಸ್‌ನಲ್ಲಿ ಒಂದೇ ಕ್ಲಾಸಲ್ಲಿ ಓದುವ ಮಾರಿನೆಟ್ ಮತ್ತು ಆಡ್ರಿಯೆನ್. ಅವಳ ಹತ್ತಿರ ಕಿವಿಯೋಲೆ, ಅವನ ಹತ್ತಿರ ಉಂಗುರ. ಅದರಿಂದ ಅವಳು ಲೇಡಿಬಗ್ ಆಗುತ್ತಾಳೆ, ಅವನು ಕ್ಯಾಟ್ ನುವಾರ್. ಮುಖವಾಡದ ಹಿಂದೆ ಯಾರಿದ್ದಾರೆ ಅಂತ ಇಬ್ಬರಿಗೂ ಗೊತ್ತಿಲ್ಲ. ಹಾಕ್ ಮಾತ್ ಅನ್ನುವವನು ಬೇಜಾರಲ್ಲಿರುವ ಜನರ ಮೇಲೆ ಆಕುಮಾ ಅನ್ನೋ ಕಪ್ಪು ಚಿಟ್ಟೆ ಬಿಟ್ಟು ಅವರನ್ನು ಖಳರನ್ನಾಗಿ ಮಾಡುತ್ತಾನೆ. ಇವರಿಬ್ಬರು ಸೇರಿ ತಡೆಯಬೇಕು.

ನನ್ನನ್ನು ಕಾಡುತ್ತಿರುವುದು ಇದು. 'ಟೈಮ್‌ಬ್ರೇಕರ್' ಕಂತಿನಲ್ಲಿ ಅವಳನ್ನು ಪಕ್ಕಕ್ಕೆ ತಳ್ಳಿ ತಾನು ಏಟು ತಿಂದು ಮಾಯವಾಗುತ್ತಾನೆ. 'ಡಾರ್ಕ್ ಕ್ಯುಪಿಡ್'ನಲ್ಲಿ ಪ್ರೀತಿ ಹೇಳಿಕೊಳ್ಳಬೇಕು ಅನ್ನುವಷ್ಟರಲ್ಲಿ ಬಾಣ ಬರುವುದು ಕಾಣುತ್ತೆ. ಮಾತು ಅಲ್ಲೇ ಬಿಟ್ಟು ಅವಳಿಗೆ ಅಡ್ಡ ಬಂದು ತಾನೇ ಬಾಣಕ್ಕೆ ಸಿಗುತ್ತಾನೆ. ಆ ಬಾಣ ತಗುಲಿದವರ ಪ್ರೀತಿ ದ್ವೇಷವಾಗುತ್ತೆ. ಹೇಳಬೇಕಿದ್ದ ಮಾತು ಬಾಯಲ್ಲೇ ಉಳಿದು, ಮುಂದಿನ ಕ್ಷಣ ಅವಳ ಮೇಲೇ ತಿರುಗಿ ಬೀಳುತ್ತಾನೆ. ತಂಗಿ ಟಿವಿ ನಿಲ್ಲಿಸಿ ಕೇಳಿದಳು: "ಯಾವಾಗಲೂ ಇವನೇ ಯಾಕೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನೀವೇನಂತೀರಿ?

ಮಲೆನಾಡ ಹುಡುಗ

ಇದಕ್ಕೆ ಕಥೆಯ ಒಳಗೇ ಗಟ್ಟಿ ಕಾರಣ ಇದೆ. ಅವನು ಖಳನನ್ನು ಹೊಡೆದು ಉರುಳಿಸಬಲ್ಲ. ಕ್ಯಾಟಕ್ಲಿಸಮ್ ಅಂದರೆ ಅವನ ಕೈ ಮುಟ್ಟಿದ್ದು ನಾಶ. ಆದರೆ ಆಕುಮಾ ಹಿಡಿದು ಶುದ್ಧ ಮಾಡಿ ಬಿಡುವುದು ಲೇಡಿಬಗ್ ಕೈಯಲ್ಲಿ. ಕೊನೆಗೆ 'ಲಕ್ಕಿ ಚಾರ್ಮ್' ಅಂತ ಕೂಗಿದಾಗ ಅವಳ ಕೈಗೆ ಬಂದ ವಸ್ತುವನ್ನು ಮೇಲಕ್ಕೆ ಎಸೆದರೆ ಒಡೆದ ಕಟ್ಟಡ, ಮಾಯವಾದ ಜನ, ಎಲ್ಲವೂ ಮೊದಲಿನಂತೆ ಆಗುತ್ತೆ. ಅದೂ ಅವಳ ಶಕ್ತಿಯೇ.

ಅಂದರೆ ಅವನು ಬಿದ್ದರೆ ಅವಳು ಎಬ್ಬಿಸಬಹುದು. ಅವಳು ಬಿದ್ದರೆ ಎಬ್ಬಿಸುವವರು ಯಾರೂ ಇಲ್ಲ. ಕ್ಯಾಟ್ ನುವಾರ್ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅವನ ತ್ಯಾಗದಲ್ಲಿ ಬುದ್ಧಿಯೂ ಇದೆ, ಪ್ರೀತಿ ಮಾತ್ರ ಅಲ್ಲ.

ರೇಖೆಬಣ್ಣ

ಹುಡುಗ ಅವರೇ, ಲೆಕ್ಕ ಸರಿ. ಆದರೆ ಅವನು ಲೆಕ್ಕ ಹಾಕಿ ಹಾರುವವನಲ್ಲ.

ಮೂಲ ಕಥೆಯ ಕಂತುಗಳನ್ನು ನೋಡಿ. ಕಲ್ಲಿನ ದೈತ್ಯ ಸ್ಟೋನ್‌ಹಾರ್ಟ್ ಎದುರು ಅವರ ಮೊದಲ ದಿನ. ಲಕ್ಕಿ ಚಾರ್ಮ್ ಏನು, ಎಲ್ಲವೂ ಸರಿಹೋಗುತ್ತೆ ಅನ್ನೋದೇನು, ಯಾವುದೂ ಅವನಿಗೆ ಇನ್ನೂ ಗೊತ್ತಿಲ್ಲ. ಲೇಡಿಬಗ್ ಭಯದಿಂದ ನಿಂತಿರುತ್ತಾಳೆ. ಇವನು ಮುಂದೆ ನುಗ್ಗಿಬಿಡುತ್ತಾನೆ. ಅದು ಅವನ ಸ್ವಭಾವ.

ಆ ಸ್ವಭಾವ ಎಲ್ಲಿಂದ ಬಂತು ಅಂತ ಅವನ ಮನೆ ನೋಡಿದರೆ ತಿಳಿಯುತ್ತೆ. ಅಮ್ಮ ಇಲ್ಲ. ಅಪ್ಪ ಗೇಬ್ರಿಯೆಲ್ ಅಗ್ರೆಸ್ಟ್ ದೊಡ್ಡ ಫ್ಯಾಶನ್ ಡಿಸೈನರ್, ಮಗನನ್ನು ಶಾಲೆಗೆ ಕಳಿಸುವುದಕ್ಕೂ ಒಪ್ಪದವರು. ಊಟದ ಮೇಜಿನ ಹತ್ತಿರ ಹುಡುಗ ಒಬ್ಬನೇ ಕೂತಿರುತ್ತಾನೆ. ಪಿಯಾನೊ, ಕತ್ತಿವರಸೆ, ಚೀನೀ ಭಾಷೆ, ಫೋಟೋ ಶೂಟ್, ದಿನವೆಲ್ಲ ಬೇರೆಯವರು ಬರೆದಿಟ್ಟ ವೇಳಾಪಟ್ಟಿ. ಉಂಗುರ ಹಾಕಿಕೊಂಡಾಗ ಮಾತ್ರ ಅವನ ಮೈ ಅವನದು. ಅದನ್ನು ಏನಕ್ಕೆ ಒಡ್ಡಬೇಕು ಅನ್ನೋದು ಅವನ ಜೀವನದಲ್ಲಿ ಅವನೇ ಮಾಡುವ ಒಂದೇ ತೀರ್ಮಾನ. ನನಗೆ ಆ ಹಾರುವಿಕೆಯಲ್ಲಿ ಪ್ರೀತಿಯಷ್ಟೇ ಸ್ವಾತಂತ್ರ್ಯವೂ ಕಾಣುತ್ತೆ.

ಸರಣಿಯನ್ನು ಸೃಷ್ಟಿಸಿದವರು ತೋಮಾ ಆಸ್ಟ್ರುಕ್. ಶುರುವಿನ ಯೋಜನೆಯಲ್ಲಿ ಕ್ಯಾಟ್ ನುವಾರ್ ಆಗಬೇಕಿದ್ದವನು ಫೆಲಿಕ್ಸ್ ಅನ್ನೋ ಬೇರೆ ಹುಡುಗ, ತಣ್ಣನೆಯ ಸ್ವಭಾವದವನು. ಜಪಾನಿನ ಟೋಯಿ ಸಂಸ್ಥೆ ಜೊತೆ ಮಾಡಿದ ಹಳೆಯ ಪ್ರಚಾರ ತುಣುಕಿನಲ್ಲಿ ಅವನೇ ಇದ್ದಾನೆ. ಅವನನ್ನು ಬಿಟ್ಟು ಆಡ್ರಿಯೆನ್‌ನನ್ನು ತಂದರು. ಫೆಲಿಕ್ಸ್ ಆಮೇಲೆ ಆಡ್ರಿಯೆನ್‌ನ ಅಮ್ಮನ ಕಡೆಯ ಸೋದರಸಂಬಂಧಿಯಾಗಿ ಕಥೆಗೆ ಬಂದ. 2015ರಲ್ಲಿ ಪ್ರಸಾರ ಶುರುವಾದಾಗ ನಮಗೆ ಸಿಕ್ಕಿದ್ದು ಈ ಮೃದು ಹುಡುಗ. ಆ ಬದಲಾವಣೆ ಆಗದೇ ಇದ್ದಿದ್ದರೆ ನಾವು ಈ ಚರ್ಚೆಯನ್ನೇ ಮಾಡುತ್ತಿರಲಿಲ್ಲ ಅನ್ನಿಸುತ್ತೆ.

ಪುಟ್ಟಿಯ ಅಮ್ಮ

ನನ್ನ ಮಗಳು ನಾಲ್ಕನೇ ಕ್ಲಾಸ್. ಅವಳ ಜೊತೆ ನಾನೂ ನೋಡುತ್ತೇನೆ. ಬೆಳ್ಳಿಚುಕ್ಕಿ, ನಿಮ್ಮ ತಂಗಿ ಕೇಳಿದ ಪ್ರಶ್ನೆ ನನಗೂ ಬಂದಿದೆ. ತಾಯಿಯಾಗಿ ಸ್ವಲ್ಪ ಭಯವೂ ಆಗುತ್ತೆ. ಏಟು ತಿನ್ನುವುದೇ ಪ್ರೀತಿ ಅಂತ ಮಕ್ಕಳು ತಿಳಿದುಕೊಂಡರೆ?

ಆದರೆ ಲೇಡಿಬಗ್ ಅವನನ್ನು ಕಾಯುವುದಿಲ್ಲ ಅನ್ನೋದನ್ನು ಒಪ್ಪಲಾರೆ. 'ಡಾರ್ಕ್ ಕ್ಯುಪಿಡ್' ನೀವೇ ಹೇಳಿದಿರಿ. ಅವನು ದ್ವೇಷ ಕಾರುತ್ತಾ ಮೇಲೆ ಬೀಳುವಾಗ ಅವಳು ಅವನನ್ನು ಹೊಡೆದು ಬೀಳಿಸಲು ಹೋಗುವುದಿಲ್ಲ. ಮುತ್ತು ಕೊಟ್ಟು ಮಾಟ ಬಿಡಿಸುತ್ತಾಳೆ. ಅವನಿಗೆ ಎಚ್ಚರ ಬಂದಾಗ ಏನೂ ನೆನಪಿಲ್ಲ. ಅವಳು ಅದನ್ನು ಎತ್ತಿ ಆಡುವುದೂ ಇಲ್ಲ. ಅವನ ಮರ್ಯಾದೆ ಕಾಯುವುದೂ ಕಾಯುವುದೇ ಅಲ್ವಾ?

ಮಾರಿನೆಟ್ ಮೊದಲ ಸೋಲಿನ ನಂತರ ಕಿವಿಯೋಲೆಯನ್ನು ಗೆಳತಿ ಆಲ್ಯಾಳ ಚೀಲಕ್ಕೆ ಹಾಕಿ ಕೈಬಿಟ್ಟಿದ್ದಳು. ಆಲ್ಯಾ ಅಪಾಯದಲ್ಲಿದ್ದಾಳೆ, ಕ್ಯಾಟ್ ನುವಾರ್ ಒಬ್ಬನೇ ಹೋರಾಡುತ್ತಿದ್ದಾನೆ ಅಂತ ಕಂಡಾಗ ವಾಪಸ್ ತೆಗೆದುಕೊಂಡಳು. ಬಂದ ಮೇಲೂ ಅವಳಿಗೆ ತನ್ನ ಮೇಲೆ ನಂಬಿಕೆ ಇರಲಿಲ್ಲ. ನೀನಿಲ್ಲದಿದ್ದರೆ ಆಲ್ಯಾ ಉಳಿಯುತ್ತಿರಲಿಲ್ಲ ಅಂತ ಹೇಳಿ ಧೈರ್ಯ ತುಂಬಿದವನು ಅವನು. ಆಮೇಲೆ ಐಫೆಲ್ ಟವರ್ ಮೇಲೆ ನಿಂತು ಇಡೀ ಪ್ಯಾರಿಸ್ ಮುಂದೆ ಹಾಕ್ ಮಾತ್‌ಗೆ ಸವಾಲು ಹಾಕುವವಳು ಅವಳು. ಆ ಮಾತು ಕೇಳುತ್ತಲೇ ಅವನ ಮನಸ್ಸು ಅವಳ ಕಡೆ ವಾಲುತ್ತೆ. ಒಬ್ಬರಿಂದ ಒಬ್ಬರಿಗೆ ಧೈರ್ಯ ಹೋಗಿ ಬರುವ ಈ ಭಾಗ ನನಗೆ ಬಾಣದ ದೃಶ್ಯಕ್ಕಿಂತ ಇಷ್ಟ.

ಬೆಳ್ಳಿಚುಕ್ಕಿ

ಅಮ್ಮ ಅವರೇ, ಮರ್ಯಾದೆ ಕಾಯುವ ಮಾತು ಚೆನ್ನಾಗಿದೆ. ನಾನು ಹಾಗೆ ಯೋಚಿಸಿರಲಿಲ್ಲ.

ಇಬ್ಬರೂ ಒಡವೆ ಬದಲಾಯಿಸಿಕೊಳ್ಳುವ 'ರಿಫ್ಲೆಕ್‌ಡಾಲ್' ನೆನಪಾಯಿತು. ಅವನು ಮಿಸ್ಟರ್ ಬಗ್, ಅವಳು ಲೇಡಿ ನುವಾರ್. ಲಕ್ಕಿ ಚಾರ್ಮ್ ಅಂತ ಕೈಗೆ ಬಂದ ಸಾಮಾನು ಹಿಡಿದು ಏನು ಮಾಡಬೇಕೋ ತಿಳಿಯದೆ ಅವನು ಒದ್ದಾಡುತ್ತಾನೆ. ಅವಳು ದಿನಾ ತಲೆಯಲ್ಲಿ ಹೊತ್ತು ತಿರುಗುವ ಭಾರ ಅವನಿಗೆ ಆಗ ತಿಳಿಯುತ್ತೆ. ನನಗೆ ಇವರ ಸಂಬಂಧದಲ್ಲಿ ಅತೀ ಇಷ್ಟದ ಕಂತುಗಳಲ್ಲಿ ಅದು ಒಂದು.

ಮಲೆನಾಡ ಹುಡುಗ

ಲೇಡಿಬಗ್ ಕಾಯುವ ರೀತಿ ಬೇರೆ. ಅವಳು ಗುಟ್ಟು ಕಾಯುತ್ತಾಳೆ. ನಾನು ಯಾರು ಅಂತ ಹೇಳುವುದಿಲ್ಲ, ನೀನು ಯಾರು ಅಂತ ಕೇಳುವುದಿಲ್ಲ. ಎಷ್ಟೋ ಜನ ಅವಳದ್ದು ಕಲ್ಲು ಮನಸ್ಸು ಅಂತಾರೆ. ಆದರೆ ಅವರ ಗುರು ಮಾಸ್ಟರ್ ಫು ಹಾಕಿದ ನಿಯಮಕ್ಕೆ ಅರ್ಥ ಇದೆ. ಒಬ್ಬರು ಹಾಕ್ ಮಾತ್ ಹಿಡಿತಕ್ಕೆ ಸಿಕ್ಕಿದರೂ ಇನ್ನೊಬ್ಬರ ಗುಟ್ಟು ಅವನ ಕೈಗೆ ಹೋಗುತ್ತೆ.

ಮೂರನೇ ಸೀಸನ್‌ನ 'ಶಾ ಬ್ಲಾಂಕ್' ಇದನ್ನೇ ತೋರಿಸುತ್ತೆ. ಕಾಲದಲ್ಲಿ ಹಿಂದೆ ಮುಂದೆ ಓಡಾಡಬಲ್ಲ ನಾಯಕಿ ಬನಿಕ್ಸ್ ಲೇಡಿಬಗ್‌ನನ್ನು ಮುಂದಿನ ಕಾಲಕ್ಕೆ ಕರೆದೊಯ್ಯುತ್ತಾಳೆ. ನೀರಲ್ಲಿ ಮುಳುಗಿದ ಪ್ಯಾರಿಸ್, ಒಡೆದುಹೋದ ಚಂದ್ರ, ಬಿಳಿ ಉಡುಪಿನಲ್ಲಿ ಒಬ್ಬನೇ ಕೂತ ಕ್ಯಾಟ್ ನುವಾರ್. ಅವನಿಗೆ ಅವಳು ಯಾರು ಅಂತ ಗೊತ್ತಾಗಿದ್ದರಿಂದಲೇ ಅಲ್ಲಿಗೆ ಬಂದು ನಿಂತಿತ್ತು. ವಾಪಸ್ ಬಂದು ಅವಳು ಏನು ಮಾಡಿದಳು? ಆಡ್ರಿಯೆನ್ ಕೋಣೆಯಲ್ಲಿ ಇಟ್ಟ ಉಡುಗೊರೆಯ ಮೇಲಿನ ತನ್ನ ಹೆಸರನ್ನು ಅಳಿಸಿದಳು. ಯಾರು ಕೊಟ್ಟರು ಅಂತ ಅವನಿಗೆ ಕೊನೆಗೂ ತಿಳಿಯಲಿಲ್ಲ. ಇದಕ್ಕಿಂತ ದೊಡ್ಡ ರಕ್ಷಣೆ ಬೇಕಾ?

ರೇಖೆಬಣ್ಣ

'ಶಾ ಬ್ಲಾಂಕ್' ಕಂತನ್ನು ನಾನು ಬೇರೆ ರೀತಿ ಓದುತ್ತೇನೆ. ಅಲ್ಲಿ ಜಗತ್ತು ಮುಳುಗಿದ್ದು ಇಬ್ಬರು ಪ್ರೀತಿಸಿದ್ದರಿಂದಲ್ಲ. ಹಾಕ್ ಮಾತ್ ಅಂದರೆ ಆಡ್ರಿಯೆನ್‌ನ ಅಪ್ಪನೇ; ಆ ಅಪ್ಪನಿಗೆ ಮಗನ ಗುಟ್ಟು ತಿಳಿದು, ಮಗನ ಮೇಲೇ ಆಕುಮಾ ಬಿಟ್ಟಿದ್ದರಿಂದ. ತಪ್ಪು ಗೇಬ್ರಿಯೆಲ್‌ನದು. ಆದರೆ ಆ ಒಂದು ದಿನದ ಭಯ ಮಾರಿನೆಟ್ ಒಳಗೆ ಹೊಕ್ಕು ಕೂತುಬಿಟ್ಟಿತು. ಅಲ್ಲಿಂದ ಮುಂದೆ ಅವಳು ಮುಚ್ಚಿಡುವುದೆಲ್ಲ ಆ ಭಯದಿಂದಲೇ. ಅವನಿಗೆ ಆ ದಿನದ ಬಗ್ಗೆ ಏನೂ ತಿಳಿದಿಲ್ಲ. ಅವನಿಗೆ ಕಾಣುವುದು ಒಂದೇ: ಲೇಡಿಬಗ್ ನನ್ನಿಂದ ದೂರ ಸರಿಯುತ್ತಿದ್ದಾಳೆ.

ಮೂರನೇ ಸೀಸನ್ ಕೊನೆಗೆ ಮಾಸ್ಟರ್ ಫು ತನ್ನ ನೆನಪನ್ನೇ ಕಳೆದುಕೊಂಡು ಎಲ್ಲ ಒಡವೆಗಳ ಕಾವಲನ್ನು ಅವಳಿಗೆ ವಹಿಸಿದರು. ನಾಲ್ಕನೇ ಸೀಸನ್‌ನಲ್ಲಿ ಆ ಭಾರ ತಾಳಲಾರದೆ ಅವಳು ಆಲ್ಯಾಗೆ ತಾನು ಯಾರು ಅಂತ ಹೇಳಿಬಿಡುತ್ತಾಳೆ. ಆ ದೃಶ್ಯದಲ್ಲಿ ನಾನೂ ಅತ್ತೆ. ಮಗು ಅವಳು, ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಿತ್ತು. ಆದರೆ ಕ್ಯಾಟ್ ನುವಾರ್‌ಗೆ ಇದು ಗೊತ್ತಿಲ್ಲ. 'ಹ್ಯಾಕ್‌ಸಾನ್'ನಲ್ಲಿ ಪ್ಯಾರಿಸ್ ಬಿಟ್ಟು ಹೋಗುವಾಗ ಕಿವಿಯೋಲೆಯನ್ನು ಆಲ್ಯಾಗೆ ಕೊಟ್ಟು ಹೋಗುತ್ತಾಳೆ. ಹೋರಾಟದ ಮಧ್ಯೆ ಲೇಡಿಬಗ್ ಬದಲು ಆಲ್ಯಾ ಸ್ಕಾರಬೆಲ್ಲಾ ಅನ್ನೋ ಹೆಸರಲ್ಲಿ ಬಂದು ನಿಂತಾಗಲೇ ಅವನಿಗೆ ವಿಷಯ ತಿಳಿಯುವುದು. ಜೊತೆಗಾರ ಅಂದುಕೊಂಡವಳು ಊರಲ್ಲಿಲ್ಲ ಅನ್ನೋದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಬಾಣದ ಏಟು ಕಂತಿನ ಕೊನೆಗೆ ಮಾಯವಾಗುತ್ತೆ. ಈ ಏಟು ಮಾಯವಾಗುವುದಿಲ್ಲ. 'ಕುರೊ ನೆಕೊ' ಹೊತ್ತಿಗೆ ಅವನು ಉಂಗುರವನ್ನೇ ಬಿಟ್ಟುಬಿಡುತ್ತಾನೆ. ನನ್ನ ಜಾಗಕ್ಕೆ ಯಾರು ಬಂದರೂ ನಡೆಯುತ್ತೆ ಅಂತ ಅವನಿಗೆ ಅನ್ನಿಸಿರುತ್ತೆ. ನಂತರ ಅವನೇ ಕ್ಯಾಟ್‌ವಾಕರ್ ಅನ್ನೋ ಹೊಸ ಹೆಸರಲ್ಲಿ ಬರುತ್ತಾನೆ. ಶಿಸ್ತು, ವಿನಯ, ಹೇಳಿದ್ದಕ್ಕೆಲ್ಲ ಹೂಂ. ಅಂಥ ಜೊತೆಗಾರನ ಪಕ್ಕದಲ್ಲಿ ಅವಳ ಕೆಲಸವೇ ನಡೆಯುವುದಿಲ್ಲ. ಅವಳಿಗೆ ಬೇಕಾಗಿದ್ದು ತಮಾಷೆ ಮಾಡುವ, ಎದುರು ಮಾತಾಡುವ ಆ ಹಳೇ ಕ್ಯಾಟ್ ನುವಾರೇ. ಅವನಿಗೆ ಅವಳಿಂದ ಬೇಕಿದ್ದ ರಕ್ಷಣೆ ಅಂದರೆ ಅದನ್ನು ಕಿವಿಯಾರೆ ಕೇಳುವುದು. ಆ ಮಾತು ಬರಲು ನಾಲ್ಕನೇ ಸೀಸನ್‌ವರೆಗೆ ಕಾಯಬೇಕಾಯಿತು.

ಹೇಳದೇ ಕಾಯುವುದರಿಂದ ಜೀವ ಉಳಿಯಬಹುದು. ಜೊತೆಗಾರಿಕೆ ಮಾತ್ರ ಹಾಗೆ ಉಳಿಯುವುದಿಲ್ಲ. ಈ ಸರಣಿ ಸೀಸನ್ ಮೇಲೆ ಸೀಸನ್ ಇದನ್ನೇ ತೋರಿಸುತ್ತಾ ಬಂದಿದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಪುಟ್ಟಿಯ ಅಮ್ಮ

ರೇಖೆಬಣ್ಣ ಅವರೇ, 'ಹ್ಯಾಕ್‌ಸಾನ್' ನೋಡುವಾಗ ಪುಟ್ಟಿ ಸಿಟ್ಟಾಗಿ ಎದ್ದು ಹೋದಳು. "ಅವನಿಗೊಂದು ಮೆಸೇಜ್ ಹಾಕಕ್ಕಾಗಲ್ವಾ?" ಅಂತ ಅಡುಗೆಮನೆವರೆಗೂ ಬಂದು ಕೇಳಿದಳು. ಹಾಕಬಹುದಿತ್ತು. ಅವಳ ಯೋಯೋ ಫೋನ್ ಹಾಗೂ ಕೆಲಸ ಮಾಡುತ್ತೆ, ಅವನ ಕೋಲೂ ಹಾಗೇ.

ಮಲೆನಾಡ ಹುಡುಗ

ಮೆಸೇಜ್ ವಿಷಯದಲ್ಲಿ ಪುಟ್ಟಿ ಜೊತೆ ನಾನೂ ಇದ್ದೇನೆ. ಆದರೆ ಮುಖವಾಡದ ವಿಷಯ ಬೇರೆ, ಊರು ಬಿಡುವ ವಿಷಯ ಬೇರೆ. ಮೊದಲನೆಯದನ್ನು ಮುಚ್ಚಿಡುವುದು ಅವಳ ಕರ್ತವ್ಯ ಅಂತ ಈಗಲೂ ಹೇಳುತ್ತೇನೆ. ಅವಳಿಗೆ ಗೊತ್ತಿಲ್ಲದೆ ಹಾಕ್ ಮಾತ್ ಅವನ ಮನೆಯಲ್ಲೇ ಇದ್ದಾನೆ, ಮರೆಯಬೇಡಿ. ಗುಟ್ಟು ಹೇಳಿದ್ದರೆ ಅದು ಒಂದೇ ಸೂರಿನ ಕೆಳಗೆ ಹೋಗಿ ಸೇರುತ್ತಿತ್ತು.

ಹಿತ್ತಿಲಗಿಡ

ತಡವಾಗಿ ಬಂದೆ. ಎಲ್ಲ ಓದಿದೆ. ಎಲ್ಲರೂ ಮುಚ್ಚಿಡುವುದನ್ನು ಲೇಡಿಬಗ್ ಮೇಲೆ ಮಾತ್ರ ಹಾಕುತ್ತಿದ್ದೀರಿ. 2020ರ ನ್ಯೂಯಾರ್ಕ್ ವಿಶೇಷ ಕಂತು ನೋಡಿ. ನಾನು ಊರಲ್ಲಿರಲ್ಲ, ಪ್ಯಾರಿಸ್ ನೋಡಿಕೋ ಅಂತ ಅವಳು ಅವನಿಗೆ ಹೇಳಿ ಹೋಗಿರುತ್ತಾಳೆ. ಅವನು ಒಪ್ಪಿಕೊಂಡು, ತಾನೂ ಅದೇ ಶಾಲೆಯ ಪ್ರವಾಸದಲ್ಲಿ ಅವಳಿಗೆ ತಿಳಿಸದೆ ನ್ಯೂಯಾರ್ಕ್‌ಗೆ ಹೊರಟುಬಿಡುತ್ತಾನೆ. ಅತ್ತ ಪ್ಯಾರಿಸ್ ಮೇಲೆ ದಾಳಿಯಾಗುತ್ತೆ, ಕಾಯುವವರಿಲ್ಲ. ಇತ್ತ ಗಲಾಟೆಯಲ್ಲಿ ಅವನ ಕ್ಯಾಟಕ್ಲಿಸಮ್ ಅನ್‌ಕ್ಯಾನಿ ವ್ಯಾಲಿ ಅನ್ನೋ ಇನ್ನೊಬ್ಬ ನಾಯಕಿಗೆ ತಗುಲುತ್ತೆ. ತಾನು ಇನ್ನು ಇದಕ್ಕೆ ಯೋಗ್ಯನಲ್ಲ ಅಂತ ಉಂಗುರ ಬಿಚ್ಚಿ ಅವಳ ಕೈಗೆ ಕೊಟ್ಟು ಹೋಗುತ್ತಾನೆ.

ಕೊನೆಗೆ ಅವಳು ಆ ಉಂಗುರವನ್ನು ಅವನಿಗೇ ಹಿಂತಿರುಗಿಸುತ್ತಾಳೆ. ಎಷ್ಟು ಸಿಟ್ಟು ಬಂದಿದ್ದರೂ ಬೇರೆ ಯಾರಿಗೂ ಕೊಡಲು ಹೋಗಲಿಲ್ಲ. ಅವನು ಅವಳ ಮುಂದೆ ಬಂದು ನಿಲ್ಲುವ ಪ್ರತಿ ದೃಶ್ಯದ ಪಕ್ಕದಲ್ಲಿ ನಾನು ಇದನ್ನು ಇಡುತ್ತೇನೆ.

ಇನ್ನೊಂದು ಗಮನಿಸಿ. ಗೆದ್ದ ಮೇಲೆ ಇಬ್ಬರೂ ಮುಷ್ಟಿಗೆ ಮುಷ್ಟಿ ತಾಕಿಸುತ್ತಾರೆ. ಆ ಹೊತ್ತಿಗೆ ಅವಳ ಕಿವಿಯೋಲೆಯ ಚುಕ್ಕೆಗಳು ಒಂದೊಂದಾಗಿ ಆರುತ್ತಿರುತ್ತವೆ, ಅವನ ಉಂಗುರದ ಪಂಜದ ಗುರುತೂ ಹಾಗೇ. ಶಕ್ತಿ ಬಳಸಿದ ಮೇಲೆ ಉಳಿಯುವುದು ಐದೇ ನಿಮಿಷ. ವೇಷ ಕಳಚುವ ಮೊದಲು ಓಡಬೇಕು. ಆದರೂ ಮುಷ್ಟಿ ತಾಕಿಸದೆ ಹೋಗುವುದು ಅಪರೂಪ. ಅದು ಇಲ್ಲದೇ ಮುಗಿಯುವ ಕಂತು ಬಂದಾಗ ಏನೋ ಸರಿಯಿಲ್ಲ ಅಂತ ಮಕ್ಕಳಿಗೂ ತಕ್ಷಣ ಗೊತ್ತಾಗುತ್ತೆ.

ಬೆಳ್ಳಿಚುಕ್ಕಿ

ಹಿತ್ತಿಲಗಿಡ ಅವರೇ, ಉಂಗುರದ ವಿಷಯ ಎತ್ತಿದಿರಿ. ನಾನು ಐದನೇ ಸೀಸನ್ ಕೊನೆಯನ್ನು ಮುಗಿಸಿದ್ದು ನಿನ್ನೆ. ಈಗಲೂ ಮನಸ್ಸು ಸರಿಯಿಲ್ಲ.

ಕೊನೆಯ ಯುದ್ಧಕ್ಕೆ ಅವನು ಬರುವುದೇ ಇಲ್ಲ. ಲಂಡನ್‌ನಲ್ಲಿ ಬಂಧಿ. ತನ್ನ ಕೈಯಿಂದಲೇ ಮಾರಿನೆಟ್ ನಾಶವಾಗುವ ಕೆಟ್ಟ ಕನಸು ಅವನನ್ನು ಹಿಂಡುತ್ತಿರುತ್ತೆ. ಉಂಗುರ ಬಿಚ್ಚಿ, ಅದಕ್ಕೆ ಶಕ್ತಿ ಕೊಡುವ ಪುಟ್ಟ ಜೀವಿ ಪ್ಲ್ಯಾಗ್ ಜೊತೆ ಲೇಡಿಬಗ್‌ಗೆ ಕಳಿಸುತ್ತಾನೆ. ಅಡ್ಡ ಬೀಳುವುದನ್ನೇ ಪ್ರೀತಿ ಅಂದುಕೊಂಡವನು ಈ ಸಲ ಬದಿಗೆ ಸರಿದು ಕಾಯುತ್ತಾನೆ. ಅವಳು ಎರಡೂ ಒಡವೆ ಹಾಕಿಕೊಂಡು ಒಬ್ಬಳೇ ಗೇಬ್ರಿಯೆಲ್ ಎದುರು ನಿಲ್ಲುತ್ತಾಳೆ. ಎರಡೂ ಒಡವೆ ಸೇರಿದರೆ ಈಡೇರುವ ಕೋರಿಕೆಯನ್ನು ಗೇಬ್ರಿಯೆಲ್ ಸಲ್ಲಿಸಿ ಸಾಯುತ್ತಾನೆ.

ಆಮೇಲೆ ಅವಳು ಆಡ್ರಿಯೆನ್‌ಗೆ ಹೇಳುವುದೇನು? ನಿನ್ನ ಅಪ್ಪ ನಾಯಕನಾಗಿ ಸತ್ತರು ಅಂತ. ಇಡೀ ಪ್ಯಾರಿಸ್‌ಗೂ ಅದನ್ನೇ ಹೇಳುತ್ತಾಳೆ. ಸುಳ್ಳು ಅವನನ್ನು ಕಾಯುವುದಕ್ಕೆ, ಅದರಲ್ಲಿ ಅನುಮಾನ ಇಲ್ಲ. ಹದಿಹರೆಯದ ಹುಡುಗನಿಗೆ ನಿನ್ನ ಅಪ್ಪನೇ ಹಾಕ್ ಮಾತ್ ಅಂತ ಯಾವ ಬಾಯಲ್ಲಿ ಹೇಳುವುದು? ಆದರೆ ಆ ಹುಡುಗನೇ ಕ್ಯಾಟ್ ನುವಾರ್. ಹಾಕ್ ಮಾತ್ ವಿರುದ್ಧ ಅಷ್ಟು ಕಾಲ ಅವಳ ಪಕ್ಕದಲ್ಲಿ ನಿಂತು ಹೋರಾಡಿದವನು. ತನ್ನ ಯುದ್ಧ ಹೇಗೆ ಮುಗಿಯಿತು ಅಂತ ತಿಳಿಯುವ ಹಕ್ಕು ಅವನಿಗಿಂತ ಜಾಸ್ತಿ ಯಾರಿಗಿದೆ? ಆಡ್ರಿಯೆನ್‌ನನ್ನು ಕಾಯಲು ಹೋಗಿ, ಗೊತ್ತಿಲ್ಲದೆ ಕ್ಯಾಟ್ ನುವಾರ್‌ನನ್ನು ಕತ್ತಲಲ್ಲಿ ಬಿಟ್ಟಳು. ಇಬ್ಬರೂ ಒಬ್ಬನೇ ಅಂತ ತಿಳಿದಿದ್ದರೆ ಹೀಗೆ ಮಾಡುತ್ತಿದ್ದಳಾ? ತಂಗಿ ಪ್ರಶ್ನೆಯಿಂದ ಶುರುವಾಗಿ ನಾನು ಬಂದು ನಿಂತಿದ್ದು ಇಲ್ಲಿ.

ಮಲೆನಾಡ ಹುಡುಗ

ಆ ಸುಳ್ಳನ್ನು ನಾನೂ ಸಮರ್ಥಿಸುವುದಿಲ್ಲ. ಹಾಕ್ ಮಾತ್ ಹೋದ ಮೇಲೆ ಹಳೇ ನಿಯಮದ ಅರ್ಧ ಕಾರಣವೂ ಹೋಯಿತು. ಆದರೆ ಆ ಕ್ಷಣದಲ್ಲಿ ಅವಳು ಹದಿನಾಲ್ಕರ ಆಸುಪಾಸಿನ ಹುಡುಗಿ, ಪಕ್ಕದಲ್ಲಿ ದೊಡ್ಡವರು ಯಾರೂ ಇಲ್ಲ. ತೀರ್ಪು ಕೊಡುವಾಗ ಅದು ನೆನಪಿರಲಿ.

ರೇಖೆಬಣ್ಣ

2023ರ ಚಲನಚಿತ್ರದಲ್ಲಿ ಇದನ್ನೇ ಬೇರೆ ದಾರಿಯಲ್ಲಿ ತೆಗೆದುಕೊಂಡು ಹೋದರು. ಅಲ್ಲಿ ಕ್ಯಾಟ್ ನುವಾರ್ ಎದುರಿಗಿರುವ ಖಳ ತನ್ನ ಅಪ್ಪ ಅಂತ ಕಣ್ಣಾರೆ ಕಾಣುತ್ತಾನೆ, ಅಪ್ಪನಿಗೂ ಮಗ ಯಾರು ಅಂತ ತಿಳಿಯುತ್ತೆ. ಯುದ್ಧ ನಿಲ್ಲುವುದು ಆ ಅರಿವಿನಿಂದ. ಚಿತ್ರದಲ್ಲಿ ಹಾಡು ಜಾಸ್ತಿ, ಕಥೆ ಅವಸರದ್ದು ಅನ್ನೋ ದೂರು ನನಗೂ ಇದೆ. ಆದರೆ ನಿಜವನ್ನು ಆ ಹುಡುಗ ತಾಳಬಲ್ಲ ಅಂತ ಅವರು ನಂಬಿದರು. ಸರಣಿಯ ಮಾರಿನೆಟ್ ಅದನ್ನು ನಂಬಬೇಕಿತ್ತು.

ಪುಟ್ಟಿಯ ಅಮ್ಮ

ನಾವು ಇನ್ನೂ ಮೂರನೇ ಸೀಸನ್‌ನಿಂದ ಆಚೀಚೆ ಬಿಡಿಬಿಡಿಯಾಗಿ ನೋಡುತ್ತಿದ್ದೇವೆ. ಐದನೇ ಸೀಸನ್ ಕೊನೆಯನ್ನು ಪುಟ್ಟಿಗೆ ಈಗಲೇ ತೋರಿಸಲಾ ಅಂತ ಯೋಚನೆ. ಇವರಿಬ್ಬರ ಸಂಬಂಧ ಮಾತ್ರ ಹಿಡಿದು ನೋಡುವುದಾದರೆ ಯಾವ ಸಾಲಿನಲ್ಲಿ ನೋಡಬೇಕು? ಯಾರಾದರೂ ಹೇಳಿ.

ಹಿತ್ತಿಲಗಿಡ

ಮೊದಲು ಮೂಲ ಕಥೆಯ ಎರಡು ಕಂತು. ಪ್ರಸಾರದಲ್ಲಿ ಅವು ಮೊದಲ ಸೀಸನ್ ಕೊನೆಗೆ ಬಂದವು, ಆದರೆ ಮಕ್ಕಳಿಗೆ ಮೊದಲೇ ತೋರಿಸಿದರೆ ಒಳ್ಳೆಯದು. ಆಮೇಲೆ 'ಡಾರ್ಕ್ ಕ್ಯುಪಿಡ್', 'ಟೈಮ್‌ಬ್ರೇಕರ್'. ಎರಡನೇ ಸೀಸನ್‌ನಲ್ಲಿ 'ಗ್ಲೇಸಿಯೇಟರ್' ಬಿಡಬೇಡಿ. ಚಾವಣಿ ಮೇಲೆ ಮೇಣದ ಬತ್ತಿ ಹಚ್ಚಿ ಕಾದ ಅವನಿಗೆ ಅವಳು ತನ್ನ ಮನಸ್ಸಲ್ಲಿ ಬೇರೆ ಹುಡುಗ ಇದ್ದಾನೆ ಅಂತ ನೇರವಾಗಿ ಹೇಳುವುದು ಅದರಲ್ಲೇ. ಅವನು ನೋವು ನುಂಗಿ ಗೆಳೆತನ ಉಳಿಸಿಕೊಳ್ಳುತ್ತಾನೆ. ಮೂರರಲ್ಲಿ 'ರಿಫ್ಲೆಕ್‌ಡಾಲ್', 'ಒಬ್ಲಿವಿಯೊ', 'ಶಾ ಬ್ಲಾಂಕ್'. ನಾಲ್ಕರಲ್ಲಿ 'ಹ್ಯಾಕ್‌ಸಾನ್', 'ಕುರೊ ನೆಕೊ', ಕೊನೆಯ 'ಸ್ಟ್ರೈಕ್‌ಬ್ಯಾಕ್'. ನ್ಯೂಯಾರ್ಕ್ ವಿಶೇಷ ಕಂತನ್ನು ಮೂರು ಮತ್ತು ನಾಲ್ಕರ ಮಧ್ಯೆ ಇಟ್ಟುಕೊಳ್ಳಿ.

ಐದನ್ನು ಮಾತ್ರ ಬಿಡಿಬಿಡಿಯಾಗಿ ನೋಡಬೇಡಿ, ಸಾಲಾಗಿ ನೋಡಿ. ಕೊನೆಯ ಎರಡು ಕಂತುಗಳನ್ನು ಪುಟ್ಟಿ ಪಕ್ಕದಲ್ಲಿ ನೀವಿದ್ದಾಗಲೇ ಹಾಕಿ, ಪ್ರಶ್ನೆ ತುಂಬಾ ಬರುತ್ತವೆ. ಆರನೇ ಸೀಸನ್ 2025ರಲ್ಲಿ ಶುರುವಾಗಿದೆ. ಅದನ್ನು ಹಿಡಿದು ಮುಂದೆ ಮಾತಾಡಬೇಕಾದರೆ ಬೇರೆ ಚರ್ಚೆ ತೆರೆಯೋಣ, ಇಲ್ಲಿ ನೋಡದವರಿಗೆ ಕಥೆ ಬಿಟ್ಟುಕೊಟ್ಟಂತಾಗುತ್ತೆ.

ಪುಟ್ಟಿಯ ಅಮ್ಮ

ತುಂಬಾ ಥ್ಯಾಂಕ್ಸ್. ಬರೆದಿಟ್ಟುಕೊಂಡೆ. ಶನಿವಾರ ಮೂಲ ಕಥೆಯಿಂದ ಶುರು ಮಾಡುತ್ತೇವೆ. ಬೆಳ್ಳಿಚುಕ್ಕಿ, ನಿಮ್ಮ ತಂಗಿ 'ಕುರೊ ನೆಕೊ' ನೋಡಿ ಏನಂದಳು ಅಂತ ಬರೆಯಿರಿ, ಪುಟ್ಟಿ ಕೇಳುತ್ತಿದ್ದಾಳೆ.